ಕೆನಡಾದಲ್ಲಿ ಸಾಮಾನ್ಯ ಜನರೇ ನಿರಾಶ್ರಿತರ ಕುಟುಂಬವನ್ನು ಕರೆಸಿಕೊಂಡು ನೋಡಿಕೊಳ್ಳುತ್ತಾರಂತೆ, ಹೌದಾ?

ಹೌದು. ಈ ಪದ್ಧತಿ ದೊಡ್ಡದಾಗಿ ಬೆಳೆದದ್ದು 1979ರಲ್ಲಿ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ಬಿಟ್ಟು ಬಂದವರಿಗಾಗಿ. ಎರಡು ವರ್ಷದೊಳಗೆ ಸುಮಾರು 60,000 ಜನ ಬಂದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೊಣೆ ಹೊತ್ತದ್ದು ಚರ್ಚುಗಳು, ನೆರೆಹೊರೆಯವರು, ಗೆಳೆಯರ ಗುಂಪುಗಳು. ಸಾಮಾನ್ಯವಾಗಿ ಒಂದು ವರ್ಷದ ಬಾಡಿಗೆ, ದಿನಸಿ, ಬಟ್ಟೆಯ ಖರ್ಚು ಆ ಗುಂಪಿನದೇ.

ಆದರೆ ನನ್ನ ಮನಸ್ಸಿಗೆ ತಟ್ಟುವುದು ಬೇರೆ ಕೆಲಸ. ವಿಮಾನ ನಿಲ್ದಾಣಕ್ಕೆ ದಪ್ಪ ಕೋಟು ಹಿಡಿದು ಹೋಗುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಯಾವ ಬಸ್ಸು ಎಲ್ಲಿ ಹತ್ತಬೇಕು ಅಂತ ಜೊತೆಗೇ ಹೋಗಿ ತೋರಿಸುವುದು. ಗುರುತು ಪರಿಚಯ ಇಲ್ಲದ ಊರಲ್ಲಿ ಮೊದಲ ಚಳಿಗಾಲ ಕಳೆಯುವುದು ಸುಮ್ನೆ ಅಲ್ಲ, ಅಲ್ವಾ? ನಿರಾಶ್ರಿತರಿಗೆ ನೆರವಾದವರಿಗೆ ಕೊಡುವ ವಿಶ್ವಸಂಸ್ಥೆಯ ನಾನ್ಸೆನ್ ಪದಕ 1986ರಲ್ಲಿ ಕೆನಡಾದ ಇಡೀ ಜನತೆಗೆ ಸಿಕ್ಕಿತು.