ಆಂಪ್ ಹೊಸದು, ಸಬ್ ಹೊಸದು, ಬೇಸ್ ಮಾತ್ರ ಇಲ್ಲ!

ಪ್ರಶ್ನೆ: ಸರ್, ನನ್ನ ಹ್ಯಾಚ್‌ಬ್ಯಾಕ್ ಕಾರಿಗೆ ಈಚೆಗೆ 12 ಇಂಚಿನ ಸಬ್‌ವೂಫರ್ ಮತ್ತು ಮೋನೋ ಆಂಪ್ಲಿಫೈಯರ್ ಹಾಕಿಸಿದೆ. ಸ್ಟೀರಿಯೋ ಕಾರಿನ ಜೊತೆ ಬಂದ ಕಂಪನಿಯದ್ದೇ. ಹಿಂದಿನ ಡೋರ್ ಸ್ಪೀಕರ್‌ಗಳ ವೈರಿನಿಂದ ಕನ್ವರ್ಟರ್‌ಗೆ (ಸ್ಪೀಕರ್ ಸಿಗ್ನಲನ್ನು ಆಂಪ್‌ಗೆ ಹೊಂದುವಂತೆ ತಗ್ಗಿಸುವ ಪುಟ್ಟ ಪೆಟ್ಟಿಗೆ), ಅಲ್ಲಿಂದ ಆಂಪ್‌ಗೆ ಸಿಗ್ನಲ್ ಕೊಟ್ಟಿದ್ದಾರೆ. ಆಂಪ್ ಡಬ್ಬದ ಮೇಲೆ 2000 ವಾಟ್ ಅಂತ ಇದೆ. ಒಳಗಿನ ಪುಸ್ತಕದಲ್ಲಿ 4 ಓಮ್‌ಗೆ 300, 2 ಓಮ್‌ಗೆ 500 ವಾಟ್ ಆರ್‌ಎಂಎಸ್ (ಸತತವಾಗಿ ಕೊಡುವ ಪವರ್) ಅಂತಿದೆ. ಫ್ಯೂಸ್ 30 ಆಂಪಿಯರ್‌ನವು ಎರಡು. ಸಬ್‌ಗೆ 4 ಓಮ್‌ನ ಎರಡು ಕಾಯಿಲ್. ಗೇನ್ ಪೂರ್ತಿ ತಿರುಗಿಸಿದರೂ ಬೇಸ್ ಸಾಲದು. ಆಂಪ್ ಬಿಸಿ ಕೂಡ ಆಗಲ್ಲ. ಸಬ್ ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 6.9 ಓಮ್ ತೋರಿಸುತ್ತದೆ. ಅಂಗಡಿಯವರು ದೊಡ್ಡ ಆಂಪ್ ಹಾಕಿಸಿ ಅಂತಾರೆ. ಇನ್ನೊಂದು ವಿಚಿತ್ರ, ಸ್ಟೀರಿಯೋದಲ್ಲಿ ಎಡ ಬಲದ ಬ್ಯಾಲೆನ್ಸ್ ಪೂರ್ತಿ ಎಡಕ್ಕೋ ಬಲಕ್ಕೋ ತಂದರೆ ಬೇಸ್ ಜಾಸ್ತಿ ಆಗುತ್ತದೆ! ಆಂಪ್ ಬದಲಾಯಿಸಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀರಲ್ಲ, ಆ ಬ್ಯಾಲೆನ್ಸ್ ಮಾತು, ಅಸಲಿ ರೋಗ ಅಲ್ಲೇ ಇದೆ.

ಹೆಚ್ಚಿನ ಹಾಡುಗಳಲ್ಲಿ ಬೇಸ್ ಎಡಕ್ಕೂ ಬಲಕ್ಕೂ ಒಂದೇ ಥರ ರೆಕಾರ್ಡ್ ಆಗಿರುತ್ತದೆ. ಮೋನೋ ಆಂಪ್ ಇವೆರಡನ್ನೂ ಕೂಡಿಸಿ ಸಬ್‌ಗೆ ಕೊಡುತ್ತದೆ. ಹಾಗಾಗಿ ಒಂದು ಕಡೆಯ ಸಿಗ್ನಲ್ ಕಡಿಮೆ ಮಾಡಿದರೆ ಬೇಸ್ ಇಳಿಯಬೇಕು. ನಿಮ್ಮಲ್ಲಿ ಏರುತ್ತಿದೆ. ಅಂದರೆ ಎರಡೂ ಕಡೆಯವು ಕೂಡುವ ಬದಲು ಒಂದನ್ನೊಂದು ಅಳಿಸಿ ಹಾಕುತ್ತಿವೆ. ಕನ್ವರ್ಟರ್ ಜೋಡಿಸುವಾಗ ಒಂದು ಡೋರಿನ ಪ್ಲಸ್ ಮೈನಸ್ ಅದಲು ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಡೋರ್ ಸ್ಪೀಕರ್ ಎಂದಿನಂತೆ ಹಾಡುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇಂಥ ಆಂಪ್‌ಗೆ ಎಷ್ಟು ವಾಟ್ ಇದ್ದರೂ ಏನು ಪ್ರಯೋಜನ ಹೇಳಿ, ಒಳಗೆ ಬರುವುದೇ ಸೊನ್ನೆಯ ಹತ್ತಿರ ಇದ್ದರೆ?

ಸರಿ ಮಾಡುವುದು ಸುಲಭ. ಸ್ಟೀರಿಯೋ ಆಫ್ ಮಾಡಿ. ಕನ್ವರ್ಟರ್‌ಗೆ ಹೋಗುವ ನಾಲ್ಕು ವೈರ್ ನೋಡಿ. ಸಾಮಾನ್ಯವಾಗಿ ಬಿಳಿ ಎಡದ ಪ್ಲಸ್, ಕಪ್ಪು ಗೆರೆಯ ಬಿಳಿ ಎಡದ ಮೈನಸ್. ಬೂದು ಬಣ್ಣದ ಜೋಡಿ ಬಲಕ್ಕೆ. ಒಂದೇ ಒಂದು ಜೋಡಿಯನ್ನು ಅದಲು ಬದಲು ಮಾಡಿ. ಡೋರ್ ಸ್ಪೀಕರ್ ಮುಟ್ಟಬೇಡಿ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಕನ್ವರ್ಟರ್‌ನ ವೈರುಗಳನ್ನು ಎರಡೂ ಬದಿಯಿಂದ ಕಳಚಿ, ಎಡ ಬಲದ ಮೈನಸ್‌ಗಳ ನಡುವೆ ಮಲ್ಟಿಮೀಟರ್ ಬೀಪ್ ಇಟ್ಟು ನೋಡಿ. ಕೂಗಿದರೆ ಒಳಗೆ ಎರಡೂ ಮೈನಸ್ ಒಂದೇ ಆಗಿವೆ ಅಂತ ಅರ್ಥ. ಅಂಥದ್ದನ್ನು ಎತ್ತಿಟ್ಟು ಬೇರೆ ತನ್ನಿ. ಈಗಿನ ಕಾರ್ ಸ್ಟೀರಿಯೋಗಳಲ್ಲಿ ಸ್ಪೀಕರ್ ಮೈನಸ್‌ನಲ್ಲೂ ಸಿಗ್ನಲ್ ಇರುತ್ತದೆ, ಅದನ್ನು ಬಾಡಿಗೋ ಇನ್ನೊಂದು ಮೈನಸ್‌ಗೋ ಸೇರಿಸಿದರೆ ಸ್ಟೀರಿಯೋಗೇ ಕುತ್ತು.

ಇನ್ನು 6.9 ಓಮ್. ಎರಡು 4 ಓಮ್ ಕಾಯಿಲ್‌ಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಜೋಡಿಸಿ 8 ಓಮ್ ಮಾಡಿದ್ದಾರೆ. ಮೀಟರ್ ಯಾವಾಗಲೂ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. 4 ಓಮ್‌ಗೆ 300 ಕೊಡುವ ಆಂಪ್ 8 ಓಮ್‌ಗೆ ಸುಮಾರು 150 ವಾಟ್ ಕೊಡಬಹುದು ಅಷ್ಟೇ. ಆಂಪ್ ತಣ್ಣಗಿರುವುದಕ್ಕೂ ಇದೇ ಕಾರಣ, ಅದಕ್ಕೆ ಕೆಲಸವೇ ಇಲ್ಲ. ಪ್ಯಾರಲಲ್ ಮಾಡಿಸಿ. ಎರಡೂ ಪ್ಲಸ್ ಒಟ್ಟಿಗೆ, ಎರಡೂ ಮೈನಸ್ ಒಟ್ಟಿಗೆ. ಮೀಟರ್ 1.7 ಓಮ್ ಆಸುಪಾಸು ತೋರಿಸಿದರೆ ಸರಿಯಾಗಿದೆ. ಇಲ್ಲಿ ಒಂದು ಕಾಯಿಲ್ ಉಲ್ಟಾ ಆದರೂ ಮೀಟರ್‌ಗೆ ಗೊತ್ತಾಗುವುದಿಲ್ಲ. ಕೋನ್ ಅಲ್ಲಾಡುವುದಿಲ್ಲ, ಆಂಪ್ ಮಾತ್ರ ಬಿಸಿಯಾಗುತ್ತದೆ. ಹಾಗಾಗಿ ಕಣ್ಣಿಟ್ಟು ನೋಡಿಯೇ ಜೋಡಿಸಬೇಕು.

ಇದರಿಂದ ಆಕಾಶ ಕೆಳಗಿಳಿಯುತ್ತದೆ ಅಂದುಕೊಳ್ಳಬೇಡಿ. 150ರಿಂದ 500 ವಾಟ್ ಅಂದರೆ ಸುಮಾರು 5 ಡೆಸಿಬೆಲ್. ಚೆನ್ನಾಗಿ ಗೊತ್ತಾಗುವ ವ್ಯತ್ಯಾಸ ಹೌದು, ಆದರೆ ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ಅದಕ್ಕೇ ನಾನು ಕನ್ವರ್ಟರ್ ಮೊದಲು ಅಂದಿದ್ದು. ಅಂಗಡಿಯವರ ಸಲಹೆಯಂತೆ 1000 ವಾಟ್ ಆಂಪ್ ತಂದರೂ ಇವೆರಡು ತಪ್ಪು ಹಾಗೇ ಇರುತ್ತಿದ್ದವು. ಡಬ್ಬದ 2000 ವಾಟ್ ಮರೆತುಬಿಡಿ. ಎರಡು ಫ್ಯೂಸ್ ಸೇರಿ 60 ಆಂಪಿಯರ್, 13.8 ವೋಲ್ಟ್‌ನಿಂದ ಗುಣಿಸಿದರೆ 828 ವಾಟ್ ಒಳಗೆ ಬರಬಹುದು. ಅದರಲ್ಲಿ ಶೇ 80ರಷ್ಟು ಹೊರಗೆ ಬಂತು ಅಂದರೂ 660. ಪುಸ್ತಕದ 500 ನಂಬಬಹುದಾದ ಮಾತು.

ಆದರೆ ಪ್ಯಾರಲಲ್ ಮಾಡಿದ ಮೇಲೆ ಇಷ್ಟು ದಿನ ಅಡಗಿದ್ದ ಇನ್ನೊಂದು ತೊಂದರೆ ಹೊರಬರಬಹುದು. 150 ವಾಟ್‌ಗೆ ಬ್ಯಾಟರಿಯಿಂದ 14 ಆಂಪಿಯರ್ ಸಾಕು. 500 ವಾಟ್‌ಗೆ ಸುಮಾರು 45 ಬೇಕು. ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ದಪ್ಪ ಪ್ಲಾಸ್ಟಿಕ್ ಒಳಗೆ ತೆಳ್ಳನೆಯ ವೈರ್, ಅದೂ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ. 8 ಗೇಜ್ ಅಸಲಿ ತಾಮ್ರ 5 ಮೀಟರ್‌ಗೆ 45 ಆಂಪಿಯರ್‌ನಲ್ಲಿ ಅರ್ಧ ವೋಲ್ಟ್‌ನಷ್ಟು ತಿನ್ನುತ್ತದೆ. ಅದಕ್ಕಿಂತ ದಪ್ಪನೆಯ 4 ಗೇಜ್ ಆದರೆ 0.2 ವೋಲ್ಟ್ ಒಳಗೇ. ನಾನಾದರೆ ಆಂಪ್ ದುಡ್ಡನ್ನು ಇಲ್ಲಿ ಹಾಕುತ್ತೇನೆ.

ಗ್ರೌಂಡ್ ಕೂಡ ನೋಡಿ. ಸೀಟ್ ಬೋಲ್ಟ್‌ಗೆ ಸಿಕ್ಕಿಸಿ ಕೈ ತೊಳೆದುಕೊಳ್ಳುವವರು ತುಂಬ ಜನ. ಡಿಕ್ಕಿಯಲ್ಲಿ ಪೇಂಟ್ ಕೆರೆದು, ಹೊಳೆಯುವ ಲೋಹಕ್ಕೇ ಬಿಗಿಯಬೇಕು. ಎಂಜಿನ್ ಓಡುತ್ತಿರುವಾಗ ಜೋರು ಬೇಸ್ ಹಾಕಿ ಆಂಪ್‌ನ ಟರ್ಮಿನಲ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 13.8 ಇದ್ದು ಆಂಪ್‌ನಲ್ಲಿ 12.5 ಇದ್ದರೆ ಮಿಕ್ಕಿದ್ದು ದಾರಿಯಲ್ಲೇ ಸೋರಿದೆ. ವೈರ್ ಬದಲಿಸುವಾಗ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗಿರಲಿ.

ಇದೆಲ್ಲ ಆದಮೇಲೆ ಗೇನ್ ಪೂರ್ತಿ ಇಳಿಸಿ, ಹೊಸದಾಗಿ ಇಡಿ. ಪೂರ್ತಿ ಏರಿಸಿದ ಗೇನ್ ಹಾಗೇ ಬಿಟ್ಟರೆ ಈಗ ಕಾಯಿಲ್ ಸುಟ್ಟೀತು. ಗೇನ್ ವಾಲ್ಯೂಮ್ ಅಲ್ಲ ಅಲ್ವಾ, ಸ್ಟೀರಿಯೋ ಕೊಡುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು. ಬೇಸ್ ಬೂಸ್ಟ್ ಸೊನ್ನೆ, ಲೋ ಪಾಸ್ (ಬೇಸನ್ನಷ್ಟೇ ಬಿಡುವ ಫಿಲ್ಟರ್) 80 ಹರ್ಟ್ಜ್. ಸಬ್ ವೈರ್ ಬಿಚ್ಚಿ, 50 ಹರ್ಟ್ಜ್ ಟೋನ್ ಹಾಕಿ, ಎಂಜಿನ್ ಆನ್ ಇಟ್ಟು, ನೀವು ಕೇಳುವ ಗರಿಷ್ಠ ವಾಲ್ಯೂಮ್‌ನಲ್ಲಿ ಆಂಪ್ ಔಟ್‌ಪುಟ್‌ನ ಎಸಿ ವೋಲ್ಟ್ ನೋಡಿ. 500 ವಾಟ್, 2 ಓಮ್‌ಗೆ ಲೆಕ್ಕ 31.6 ವೋಲ್ಟ್. ಗೇನ್ ನಿಧಾನವಾಗಿ ಏರಿಸುತ್ತಾ 30ಕ್ಕೆ ನಿಲ್ಲಿಸಿ. ನಮ್ಮ ಮನೆ ಕರೆಂಟೂ 50 ಹರ್ಟ್ಜ್ ಆದ್ದರಿಂದ ಅಗ್ಗದ ಮೀಟರ್ ಕೂಡ ಇಲ್ಲಿ ನಡೆಯುತ್ತದೆ. ಸಬ್‌ನ ಆರ್‌ಎಂಎಸ್ 500ಕ್ಕಿಂತ ಕಡಿಮೆ ಇದ್ದರೆ ಅದರ ವಾಟ್ ಹಿಡಿದು ಲೆಕ್ಕ ಹಾಕಿ: ವಾಟ್ ಗುಣಿಸು 2 ಓಮ್, ಅದರ ವರ್ಗಮೂಲವೇ ವೋಲ್ಟ್.

ಕೆಲವು ಕಂಪನಿ ಸ್ಟೀರಿಯೋಗಳು ವಾಲ್ಯೂಮ್ ಏರಿದಂತೆ ಬೇಸನ್ನು ತಾವೇ ಕಡಿಮೆ ಮಾಡುತ್ತವೆ. ಅದಕ್ಕೆ ಆಂಪ್‌ನಲ್ಲಿ ಮದ್ದಿಲ್ಲ.

ಕೊನೆಗೆ ಡ್ರೈವರ್ ಸೀಟಿನಲ್ಲಿ ಕೂತು, ಯಾರಾದರೂ ಹಿಂದೆ ಆಂಪ್‌ನ ಫೇಸ್ ಸ್ವಿಚ್ಚನ್ನು (ಸಬ್‌ನ ಸಿಗ್ನಲ್ ಉಲ್ಟಾ ಮಾಡುವ ಸ್ವಿಚ್) 0ಯಿಂದ 180ಕ್ಕೆ ತಳ್ಳಲಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅಲ್ಲೇ ಬಿಡಿ. ಅರ್ಧ ಗಂಟೆ ಜೋರಾಗಿ ಹಾಡು ಹಾಕಿದ ಮೇಲೆ ಬಾನೆಟ್ ತೆಗೆದು ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಸುಡುತ್ತಿದ್ದರೆ ಅಲ್ಲಿನ ಸ್ಕ್ರೂ ಸಡಿಲ ಇದೆ, ಇಲ್ಲವೇ ಹೋಲ್ಡರ್ ಕಳಪೆ.