ಮನೆಯ ವರ್ಕ್‌ಶಾಪಿಗೆ ಹಳೆಯ ಮರಗೆಲಸದ ಯಂತ್ರಗಳು: ಯಾವುದಕ್ಕೆ ಎಷ್ಟು ಕೊಡಬಹುದು?

ನೀವು ಕೇಳಿರುವುದು ಇಷ್ಟು: ಮೈಸೂರಿನ ವಿಜಯನಗರದಲ್ಲಿ 30×40ರ ಸೈಟಿನ ಮನೆ, ಕೆಳಗೆ ಕಾರು ನಿಲ್ಲಿಸುವ 12×22 ಅಡಿ ಜಾಗ, ಕೈಯಲ್ಲಿ ಆರು ಲಕ್ಷ. ಮುಚ್ಚುತ್ತಿರುವ ಒಂದು ಫರ್ನಿಚರ್ ಘಟಕದವರು 3.2 ಮೀಟರಿನ ಸ್ಲೈಡಿಂಗ್ ಪ್ಯಾನೆಲ್ ಸಾಗೆ (ಜಾರುವ ಗಾಡಿಯ ಮೇಲೆ ಶೀಟು ಇಟ್ಟು ಕೊಯ್ಯುವ ಗರಗಸ) 2.25 ಲಕ್ಷ, 12 ಇಂಚಿನ ಸರ್ಫೇಸ್-ಕಮ್-ಥಿಕ್‌ನೆಸ್ ಪ್ಲೇನರಿಗೆ (ಹಲಗೆಯನ್ನು ಮಟ್ಟ ಮಾಡಿ ಒಂದೇ ದಪ್ಪಕ್ಕೆ ಹೆರೆಯುವ ಯಂತ್ರ) 1.10 ಲಕ್ಷ, 18 ಇಂಚಿನ ಬ್ಯಾಂಡ್ ಸಾಗೆ (ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡು ಓಡುವ ಗರಗಸ) 60 ಸಾವಿರ ಹೇಳಿದ್ದಾರೆ. ಮೂರನ್ನೂ ಎತ್ತಿಕೊಂಡು ಹೋದರೆ 3.6 ಲಕ್ಷಕ್ಕೆ ಬಿಡುತ್ತಾರೆ. ತೆಗೆದುಕೊಳ್ಳಬಹುದೇ?

ಮೂರನ್ನೂ ಬೇಡ. ಪ್ಯಾನೆಲ್ ಸಾ ಕೈಬಿಡಿ. ಪ್ಲೇನರ್ ಪರೀಕ್ಷೆಯಲ್ಲಿ ಪಾಸಾದರೆ ಮೊದಲು ಅದನ್ನು ಹಿಡಿಯಿರಿ, ಆಮೇಲೆ ಬ್ಯಾಂಡ್ ಸಾ. ಪ್ಯಾನೆಲ್ ಸಾ ಬದಲಿಗೆ ಟೇಬಲ್ ಸಾ (ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೆ ಬರುವ ಗರಗಸ) ಸಾಕು, ಅದನ್ನು ಮಾತ್ರ ಹೊಸದನ್ನೇ ಕೊಳ್ಳಿ. ‘ಮೂರೂ ಸೇರಿ’ ಎಂದು ಅವರು ಬಿಡುತ್ತಿರುವ 35 ಸಾವಿರ, ಯಾರೂ ಕೇಳದ ಆ ಪ್ಯಾನೆಲ್ ಸಾವನ್ನು ನಿಮ್ಮ ತಲೆಗೆ ಕಟ್ಟುವುದಕ್ಕೆ.

ಪ್ಯಾನೆಲ್ ಸಾ ಯಾಕೆ ಬೇಡ ಎನ್ನುವುದಕ್ಕೆ ಟೇಪ್ ಹಿಡಿದರೆ ಸಾಕು. 3.2 ಮೀಟರಿನ ಗಾಡಿ ಬ್ಲೇಡಿನ ಹಿಂದಕ್ಕೂ ಮುಂದಕ್ಕೂ ಪೂರ್ತಿ ಓಡಬೇಕು, ಅಂದರೆ ಉದ್ದಕ್ಕೆ ಆರೂವರೆ ಮೀಟರ್. ನಿಮ್ಮ 22 ಅಡಿ ಎಂದರೆ 6.7 ಮೀಟರ್. ಅಗಲದಲ್ಲಿ ಮೇಜು, ಗಾಡಿ, ಕ್ರಾಸ್‌ಕಟ್ ಫ್ರೇಮು ಸೇರಿ ಇಡೀ 12 ಅಡಿಯನ್ನೂ ಅದೊಂದೇ ನುಂಗುತ್ತದೆ. ಮುಖ್ಯ ಮೋಟರು ಸಾಮಾನ್ಯವಾಗಿ 5 ಎಚ್‌ಪಿಗೆ ಮೇಲೆ, ಮೊದಲು ಗೀರು ಹಾಕುವ ಸಣ್ಣ ಸ್ಕೋರಿಂಗ್ ಬ್ಲೇಡಿಗೆ ಇನ್ನೊಂದು, ಎರಡೂ ತ್ರೀ ಫೇಸ್. ದಿನಕ್ಕೆ ಇಪ್ಪತ್ತು ಪ್ಲೈವುಡ್ ಶೀಟು ಕೊಯ್ಯುವವರ ಯಂತ್ರ ಅದು. ನಿಮಗೆ ತಿಂಗಳಿಗೆ ನಾಲ್ಕು ಶೀಟು ಬಂದರೆ, ಪ್ಯಾನೆಲ್ ಸಾ ಇಟ್ಟಿರುವ ಪ್ಲೈವುಡ್ ಅಂಗಡಿಯಲ್ಲೇ ಅಳತೆ ಚೀಟಿ ಕೊಟ್ಟು ಕೊಯ್ಯಿಸಿಕೊಂಡು ಬನ್ನಿ.

ಈಗ ಪ್ಲೇನರ್. ತೇಗ, ಹೊನ್ನೆ, ಹಲಸು, ಸಿಲ್ವರ್ ಓಕ್ ಯಾವುದೇ ಇರಲಿ, ಸಾಮಿಲ್ಲಿನಿಂದ ಬಂದ ಹಲಗೆಯನ್ನು ಮಟ್ಟ ಮಾಡಿ ಒಂದೇ ದಪ್ಪಕ್ಕೆ ತರುವ ಕೆಲಸವೇ ಮನೆ ವರ್ಕ್‌ಶಾಪಿನಲ್ಲಿ ಹೆಚ್ಚು ಬೆವರು ಇಳಿಸುವುದು. ಇಲ್ಲಿ ಹಳೆಯ ಬೀಡಿನ (ಎರಕದ ಕಬ್ಬಿಣದ) ಯಂತ್ರಕ್ಕೆ ಹೊಸ ಹಗುರ ಯಂತ್ರ ಸಮನಾಗುವುದಿಲ್ಲ. ಬೀಡು ನಡುಕವನ್ನು ಹೀರಿಕೊಳ್ಳುತ್ತದೆ, ಮೇಜು ಉದ್ದ ಇರುತ್ತದೆ, ಬೇರಿಂಗು ಬೆಲ್ಟು ಎಲ್ಲಾ ಮಾಮೂಲಿ ಅಳತೆಯವು.

ನೋಡಲು ಹೋಗುವಾಗ ನಾಲ್ಕು ಅಡಿಯ ನಂಬಿಕಸ್ಥ ಸ್ಟ್ರೈಟ್ ಎಡ್ಜ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು), ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜ್, ವರ್ನಿಯರ್, ಮೂಲೆಮಟ್ಟ ಇರಲಿ. ಮೂರು ಅಡಿಯ ಎರಡು ಒಣ ಹಲಗೆಯನ್ನೂ ಜೊತೆಗೆ ಒಯ್ಯಿರಿ. ಕರೆಂಟು ಕೊಡದೆ ‘ನಿನ್ನೆವರೆಗೂ ಓಡುತ್ತಿತ್ತು’ ಎನ್ನುವವರ ಹತ್ತಿರ ಗುಜರಿ ಬೆಲೆಯ ಮೇಲೆ ಮಾತಾಡಬೇಡಿ.

ಮೊದಲು ಮೇನ್ ಆಫ್ ಮಾಡಿಸಿ ಕಟರ್ ಬ್ಲಾಕ್ (ಬ್ಲೇಡುಗಳನ್ನು ಹೊತ್ತು ತಿರುಗುವ ದಿಂಡು) ನೋಡಿ. ನಮ್ಮ ಕಡೆಯ ಹಳೆಯ ಯಂತ್ರಗಳಲ್ಲಿ ಈಗಲೂ ಚೌಕದ ಬ್ಲಾಕ್ ಸಿಗುತ್ತದೆ: ನಾಲ್ಕು ಮುಖ, ಬ್ಲೇಡನ್ನು ಮೇಲೆ ಬೋಲ್ಟಿನಿಂದ ಬಿಗಿದಿರುತ್ತಾರೆ. ದುಂಡು ಬ್ಲಾಕಿನಲ್ಲಿ ಬೆರಳು ತಾಕಿದರೆ ಗಾಯ ಸ್ವಲ್ಪದರಲ್ಲಿ ನಿಲ್ಲಬಹುದು. ಚೌಕದ್ದರಲ್ಲಿ ಬ್ಲೇಡಿನ ಮುಂದೆ ಖಾಲಿ ಜಾಗ ಇರುವುದರಿಂದ ಬೆರಳು ಒಳಕ್ಕೇ ಹೋಗುತ್ತದೆ. ಅಂಥದ್ದು ಇದ್ದರೆ ಯಂತ್ರ ಎಷ್ಟೇ ಚೆನ್ನಾಗಿರಲಿ, ಹೊಸ ದುಂಡು ಬ್ಲಾಕು, ಬೇರಿಂಗು, ಕೂರಿಸುವ ಕೂಲಿಗೆ 25 ಸಾವಿರ ಕಳೆದು ಬೆಲೆ ಹೇಳಿ, ಇಲ್ಲವೇ ಎದ್ದು ಬನ್ನಿ.

ಬ್ಲಾಕನ್ನು ಎರಡೂ ತುದಿಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಡಯಲ್ ಗೇಜಿನಲ್ಲಿ 0.05 ಮಿ.ಮೀ. ದಾಟಿ ಆಡಿದರೆ ಬೇರಿಂಗ್ ಹೋಗಿದೆ. ಬೇರಿಂಗ್ ಹೋಗಿರುವುದು ದೊಡ್ಡ ವಿಷಯವಲ್ಲ, ಒಂದು ಮಧ್ಯಾಹ್ನದ ಕೆಲಸ. ಆದರೆ ಶಾಫ್ಟಿನ ಬೇರಿಂಗ್ ಕೂರುವ ಜಾಗವೇ ಸವೆದು, ಪಂಚ್ ಹೊಡೆದು ಬಿಗಿ ಮಾಡಿದ್ದಾರೋ ನೋಡಿ. ಹಾಗೆ ಮಾಡಿದ್ದರೆ ಹೊಸ ಬೇರಿಂಗೂ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ.

ಮುಂದೆ ಮೇಜುಗಳು. ಔಟ್‌ಫೀಡ್ (ಹಲಗೆ ಹೊರಬರುವ ಕಡೆಯ) ಮೇಜಿನ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಇನ್‌ಫೀಡ್ (ಹಲಗೆ ಕೊಡುವ ಕಡೆಯ) ಮೇಜನ್ನು ಅದೇ ಮಟ್ಟಕ್ಕೆ ಎತ್ತಿ ಫೀಲರ್ ಹಾಕಿ. 0.15 ಮಿ.ಮೀ. ಒಳಗಿದ್ದರೆ ಸಂತೋಷ. ಹೊರತುದಿಗಳು ಕೆಳಗೆ ಜಗ್ಗಿದ್ದರೆ ಹಲಗೆಯ ಅಂಚು ನಡುವೆ ಹಳ್ಳವಾಗುತ್ತದೆ, ಮೇಲೆದ್ದಿದ್ದರೆ ನಡುವೆ ಉಬ್ಬುತ್ತದೆ. ಸಣ್ಣ ಜಗ್ಗನ್ನು ಮೇಜು ಜಾರುವ ಡವ್‌ಟೇಲ್ ಪಟ್ಟಿಗೆ ತೆಳು ಹಿತ್ತಾಳೆ ತಗಡು ಕೊಟ್ಟು ಸರಿಮಾಡಬಹುದು. ಮೇಜೇ ಸವೆದು ತೊಟ್ಟಿಲಾಗಿದ್ದರೆ ಬಿಚ್ಚಿ ಸರ್ಫೇಸ್ ಗ್ರೈಂಡಿಂಗಿಗೆ ಕಳಿಸಬೇಕು. ಸಾಗಾಟ, ಮರುಜೋಡಣೆ ಸೇರಿ 15–20 ಸಾವಿರ ಎತ್ತಿಡಿ. ಹಲಗೆಯ ಕೊನೆಯಲ್ಲಿ ಎರಡು ಮೂರು ಇಂಚು ಮಾತ್ರ ಗುಳಿ ಬಿದ್ದರೆ ಗಾಬರಿ ಬೇಡ. ಔಟ್‌ಫೀಡ್ ಮೇಜು ಬ್ಲೇಡಿಗಿಂತ ಕೂದಲೆಳೆಯಷ್ಟು ಕೆಳಗಿದೆ ಅಷ್ಟೇ, ಅದು ಹೊಂದಿಸಿದರೆ ಸರಿಹೋಗುವ ದೋಷ.

ಥಿಕ್‌ನೆಸ್ ಕಡೆಯ ಪರೀಕ್ಷೆ ಸುಲಭ. ಒಂದೇ ದಪ್ಪದ ಎರಡು ಪಟ್ಟಿಗಳನ್ನು ಬೆಡ್ಡಿನ (ಹಲಗೆ ಹಾಯುವ ಕೆಳಮೇಜಿನ) ಎಡಕ್ಕೊಂದು ಬಲಕ್ಕೊಂದು ಇಟ್ಟು ಒಟ್ಟಿಗೆ ಬಿಡಿ, ಹೊರಬಂದ ಮೇಲೆ ವರ್ನಿಯರ್ ಹಿಡಿಯಿರಿ. 0.2 ಮಿ.ಮೀ.ವರೆಗಿನ ವ್ಯತ್ಯಾಸ ಬ್ಲೇಡ್ ಕೂರಿಸುವುದರಲ್ಲೇ ಹೋಗಬಹುದು. ಅದಕ್ಕಿಂತ ಹೆಚ್ಚಿದ್ದರೆ ಬೆಡ್ಡಿನ ಸ್ಕ್ರೂ ಸವೆದಿದೆಯೇ ನೋಡಬೇಕು. ಜೊತೆಗೆ ಮೇಲ್ಮೈ ಮೇಲಿನ ಅಲೆಗಳನ್ನು ಎಣಿಸಿ. ಬ್ಲಾಕು 4500 ಆರ್‌ಪಿಎಂ, ಮೂರು ಬ್ಲೇಡು, ಫೀಡು ನಿಮಿಷಕ್ಕೆ 6 ಮೀಟರ್ ಎಂದರೆ ಇಂಚಿಗೆ ಸುಮಾರು 57 ಗುರುತು ಬೀಳಬೇಕು, ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಇಂಚಿಗೆ 19ರಷ್ಟು ಸ್ಪಷ್ಟ ಅಲೆ ಕಂಡರೆ ಮೂರರಲ್ಲಿ ಒಂದೇ ಬ್ಲೇಡು ಕೊಯ್ಯುತ್ತಿದೆ. ಬ್ಲೇಡುಗಳನ್ನು ತೆಗೆಸಿ ಅಗಲವನ್ನೂ ಅಳೆಯಿರಿ. ಸಾಣೆ ಹಿಡಿದು ಹಿಡಿದು 15 ಮಿ.ಮೀ.ಗೆ ಬಂದಿದ್ದರೆ ಪಟ್ಟಿ ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಓಡುವಾಗ ಹಾರುವ ಅಪಾಯ. ಅಂಥವು ನೇರ ಗುಜರಿಗೆ.

ಇದೆಲ್ಲ ಆದ ಮೇಲೆ ಬೆಲೆ. ಮಾರುವವರು ಹೇಳುವ ಬೆಲೆಯಿಂದ ಇಳಿಯುತ್ತಾ ಬರಬೇಡಿ, ಕೆಳಗಿನಿಂದ ಹತ್ತಿ. ಯಂತ್ರ 450 ಕಿಲೋ ಇದ್ದು ಬೀಡು ಕಿಲೋಗೆ 35 ರೂಪಾಯಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ ಗುಜರಿಯಲ್ಲೇ ಸುಮಾರು 16 ಸಾವಿರ ಬರುತ್ತದೆ, ಅದು ನೆಲ. ಅದೇ ಅಳತೆಯ, ಅದೇ ತೂಕದ ಹೊಸ ದೇಶಿ ಯಂತ್ರಕ್ಕೆ ಕೊಟೇಶನ್ ತರಿಸಿ. ಅದರ ಅರ್ಧ, ಅದು ಚಾವಣಿ. ಆ ಅರ್ಧದಿಂದ ನೀವು ಕಂಡ ದೋಷಗಳ ಖರ್ಚು, ಸಾಗಾಟ, ಸ್ಟಾರ್ಟರ್ ಕಳೆಯಿರಿ. ಹೊಸದು 1.9 ಲಕ್ಷ ಬಂತು ಎನ್ನಿ. ಅರ್ಧ 95 ಸಾವಿರ. ಬೇರಿಂಗು, ಬೆಲ್ಟು, ಬ್ಲೇಡಿಗೆ 8, ಸ್ಟಾರ್ಟರು ಮತ್ತು ವೈರಿಂಗಿಗೆ 6, ಸಾಗಾಟಕ್ಕೆ 6. ಉಳಿಯುವುದು 75 ಸಾವಿರ. ದುಂಡು ಬ್ಲಾಕು, ನೇರ ಮೇಜು ಇರುವ ಯಂತ್ರಕ್ಕೆ ನಾನು ಅಷ್ಟಕ್ಕೇ ನಿಲ್ಲುತ್ತೇನೆ. 1.10 ಲಕ್ಷ ಹೆಚ್ಚಾಯಿತು.

ಇಲ್ಲಿ ಜನ ಮರೆಯುವುದು ಕರೆಂಟಿನ ಲೆಕ್ಕ. ಸೆಸ್ಕ್ (ಮೈಸೂರಿನ ವಿದ್ಯುತ್ ಕಂಪನಿ) ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟು, ಸಿಂಗಲ್ ಫೇಸೋ ತ್ರೀ ಫೇಸೋ ನೋಡಿ. 3 ಎಚ್‌ಪಿ ಪ್ಲೇನರಿನ ಜೊತೆ 2 ಎಚ್‌ಪಿ ಧೂಳಿನ ಯಂತ್ರ ಓಡಿದರೆ ಮೀಟರಿನ ಮೇಲೆ ಸುಮಾರು 4.5 ಕಿಲೋವ್ಯಾಟ್ ಬೀಳುತ್ತದೆ, ಮನೆಯ ಗೀಸರು, ಪಂಪು ಬೇರೆ. ತ್ರೀ ಫೇಸ್ ಇದ್ದರೆ ತಂಟೆಯಿಲ್ಲ. ಸಿಂಗಲ್ ಫೇಸ್ ಇದ್ದು ‘ವಿಎಫ್‌ಡಿ ಹಾಕಿಕೊಳ್ಳಿ ಸಾರ್’ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಕೊಡುವ ಪೆಟ್ಟಿಗೆ) ಎಂದು ಯಾರಾದರೂ ಹೇಳಿದರೆ ಮೊದಲು ಮೋಟರಿನ ನೇಮ್‌ಪ್ಲೇಟ್ ಓದಿ. 230 ವೋಲ್ಟಿನ ವಿಎಫ್‌ಡಿ ಹೊರಗೆ ಕೊಡುವುದೂ 230 ವೋಲ್ಟೇ. ನಮ್ಮಲ್ಲಿ 2 ಎಚ್‌ಪಿವರೆಗಿನ ಮೋಟರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಕಟ್ಟಿರುತ್ತವೆ (ಸ್ಟಾರ್, ಡೆಲ್ಟಾ ಎನ್ನುವುದು ಮೋಟರಿನ ಸುರುಳಿಗಳನ್ನು ಜೋಡಿಸುವ ಎರಡು ಬಗೆ). ಆರು ಟರ್ಮಿನಲ್ ಇದ್ದರೆ ಪಟ್ಟಿ ಬದಲಿಸಿ ಡೆಲ್ಟಾ ಮಾಡಿ 230ರಲ್ಲಿ ಓಡಿಸಬಹುದು. 3 ಎಚ್‌ಪಿ ಮತ್ತು ಮೇಲಿನವು 415ಕ್ಕೇ ಡೆಲ್ಟಾ ಇರುವುದು ಹೆಚ್ಚು. ಅವನ್ನು ಆ ವಿಎಫ್‌ಡಿಗೆ ಕಟ್ಟಿದರೆ ತಿರುಗುತ್ತವೆ, ಆದರೆ ಹಲಗೆ ಕೊಟ್ಟ ಕೂಡಲೇ ಉಸಿರುಗಟ್ಟಿ ಬಿಸಿಯಾಗುತ್ತವೆ. ಆಗ ಇರುವ ದಾರಿ ರೀವೈಂಡಿಂಗ್ ಅಥವಾ ಸಿಂಗಲ್ ಫೇಸ್ ಮೋಟರು. ಸಿಂಗಲ್ ಫೇಸಿನದಕ್ಕೂ ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ ಬಲ ಮೂರನೇ ಎರಡು ಭಾಗಕ್ಕೆ ಬರುತ್ತದೆ, ಕೆಪಾಸಿಟರ್ ಸುಡಲೂಬಹುದು. ತ್ರೀ ಫೇಸಿಗೆ ಅರ್ಜಿ ಹಾಕುವುದೇ ವಾಸಿ.

ಹಳೆಯ ಯಂತ್ರಗಳಿಗೆ ಬರೀ ಹಿಡಿಕೆಯ ಸ್ವಿಚ್ ಇರುತ್ತದೆ. ಕರೆಂಟು ಹೋಯಿತೆಂದು ನೀವು ಕಸ ಗುಡಿಸಲು ಕೈ ಹಾಕಿರುತ್ತೀರಿ, ಅಷ್ಟರಲ್ಲಿ ಬಂದರೆ ಬ್ಲಾಕು ತಾನಾಗಿ ತಿರುಗುತ್ತದೆ. ಕಾಂಟ್ಯಾಕ್ಟರ್ (ಕರೆಂಟು ಹೋದೊಡನೆ ತಾನೇ ಬಿಡುವ ಸ್ವಿಚ್) ಇರುವ ಡಿಓಎಲ್ ಸ್ಟಾರ್ಟರ್ ಹಾಕಿಸಿದರೆ ಕರೆಂಟು ಬಂದರೂ ಹಸಿರು ಬಟನ್ ಒತ್ತುವವರೆಗೆ ಯಂತ್ರ ಸುಮ್ಮನಿರುತ್ತದೆ. ಓವರ್‌ಲೋಡ್ ರಿಲೇಯನ್ನು ನೇಮ್‌ಪ್ಲೇಟಿನ ಆಂಪಿಯರಿಗೆ ಹೊಂದಿಸಿ, ಮೋಟರಿಗೆ ಡಿ ಕರ್ವ್ ಎಂಸಿಬಿ (ಶುರುವಿನ ಜಾಸ್ತಿ ಕರೆಂಟಿಗೆ ಬೀಳದ ಬಗೆ) ಹಾಕಿಸಿ, ಅರ್ತಿಂಗ್ ಬೇರೆಯಾಗಿ ಪರೀಕ್ಷೆ ಮಾಡಿಸಿ.

ಬ್ಯಾಂಡ್ ಸಾ 60 ಸಾವಿರ ಎನ್ನುವುದು ಚಕ್ರಗಳನ್ನು ನೋಡಿದ ಮೇಲೆ ಹೇಳಬೇಕಾದ ಮಾತು. ಬ್ಲೇಡ್ ಬಿಚ್ಚಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಜಾಗ ಕೆಳಗೆ ಬಂದು ನಿಂತರೆ ತೂಕ ಸಮವಿಲ್ಲ. ಎರಡೂ ಚಕ್ರದ ಅಂಚಿಗೆ ಸ್ಟ್ರೈಟ್ ಎಡ್ಜ್ ಇಟ್ಟು ಒಂದೇ ಸಮತಲದಲ್ಲಿವೆಯೇ ನೋಡಿ. ರಬ್ಬರ್ ಟೈರು ಬಿರಿದಿದ್ದರೆ ಬದಲಾಯಿಸಬಹುದು. ‘ಬ್ಲೇಡು ಪದೇ ಪದೇ ತುಂಡಾಗುತ್ತದೆ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಬ್ಲೇಡಿನ ದಪ್ಪ: ಅದು ಚಕ್ರದ ವ್ಯಾಸದ ಸಾವಿರದಲ್ಲೊಂದು ಭಾಗದ ಸುತ್ತ ಇರಬೇಕು. 18 ಇಂಚಿನ ಚಕ್ರಕ್ಕೆ 0.5 ಮಿ.ಮೀ. ಸರಿ. ಗಟ್ಟಿ ಇರಲಿ ಎಂದು 0.8ರದ್ದು ಹಾಕಿದರೆ ಪ್ರತಿ ಸುತ್ತಿಗೂ ಮಡಚಿ ಮಡಚಿ ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ. ಹಲಗೆ ಸೀಳಲು ಇಂಚಿಗೆ ಮೂರು ಹಲ್ಲಿನ ಅರ್ಧ ಅಥವಾ ಮುಕ್ಕಾಲು ಇಂಚಿನ ಬ್ಲೇಡು ಸಾಕು. ಚಕ್ರ ಚೆನ್ನಾಗಿದ್ದು ಬಾಗಿಲು, ಗಾರ್ಡು ಎಲ್ಲಾ ಇದ್ದರೆ 45 ಸಾವಿರ ಕೊಡಿ. ಬ್ಯಾಂಡ್ ಸಾ ಇದೆಯೆಂದು ದಿಮ್ಮಿ ತಂದು ಕೊಯ್ಯಲು ಹೋಗಬೇಡಿ. ಸಾಮಿಲ್ ಕೆಲಸಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಬಿಲ್ಲು ಸಮೇತ ಕೊಯ್ದ ಹಲಗೆಯನ್ನೇ ತನ್ನಿ, ಬೀಟೆಯಾದರೆ ಕಾಗದಪತ್ರ ಇನ್ನೂ ಜೋಪಾನ.

ಟೇಬಲ್ ಸಾ ಹೊಸದೇ ಯಾಕೆಂದರೆ, ಇಲ್ಲಿ ಕೈ ಬದಲಾಗುವ ಹಳೆಯವು ಬಹುಪಾಲು ಆಂಗಲ್ ಫ್ರೇಮಿನ ಮೇಲೊಂದು ತಗಡು, ಕೆಳಗೊಂದು ಶಾಫ್ಟು. ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಂತು ಸೀಳು ಕೂಡಿಕೊಳ್ಳದಂತೆ ತಡೆಯುವ ತಗಡು) ಇರುವುದಿಲ್ಲ, ಆಮೇಲೆ ಕೂರಿಸುವುದಕ್ಕೂ ಜಾಗವಿಲ್ಲ. 10 ಇಂಚಿನ ಬ್ಲೇಡು 4000 ಆರ್‌ಪಿಎಂನಲ್ಲಿ ತಿರುಗುವಾಗ ಹಲ್ಲಿನ ವೇಗ ಸೆಕೆಂಡಿಗೆ 53 ಮೀಟರ್. ಸೀಳಿದ ಹೊನ್ನೆ ಒಳಒತ್ತಡಕ್ಕೆ ಕೂಡಿಕೊಂಡು ಬ್ಲೇಡಿನ ಹಿಂಭಾಗವನ್ನು ಹಿಡಿದರೆ ಆ ವೇಗದಲ್ಲಿ ನಿಮ್ಮ ಹೊಟ್ಟೆಗೆ ಬರುತ್ತದೆ. ಆ ನೈಫು ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲು ಕೊಯ್ಯುವ ಅಗಲಕ್ಕಿಂತ ತೆಳು ಇರಬೇಕು: ಕೊಯ್ತ 2.8, ತಟ್ಟೆ 1.8 ಇದ್ದರೆ ನೈಫು 2.3ರ ಸುತ್ತ. ಹೊಸ ಬ್ಲೇಡ್ ಕೊಳ್ಳುವಾಗಲೆಲ್ಲ ಈ ಲೆಕ್ಕ ನೋಡಿ. ಶಾಫ್ಟು 25.4 ಮಿ.ಮೀ.ಯೋ 30 ಮಿ.ಮೀ.ಯೋ ಎನ್ನುವುದನ್ನೂ ಬರೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಸೀಳಲು 24 ಹಲ್ಲು, ಅಡ್ಡಕ್ಕೆ ಮತ್ತು ಪ್ಲೈಗೆ 60.

ಧೂಳಿನ ಯಂತ್ರಕ್ಕೆ ಕಂಜೂಸಿ ಬೇಡ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿನಲ್ಲಿ ಇಟ್ಟಿದೆ, ಮೇಲಾಗಿ ನಿಮ್ಮದು ಮಲಗುವ ಕೋಣೆಯ ಕೆಳಗಿನ ಜಾಗ. 2 ಎಚ್‌ಪಿ, ಒಂದು ಮೈಕ್ರಾನಿನ ಚೀಲ, ಮುಖ್ಯ ಪೈಪು 6 ಇಂಚು. 4 ಇಂಚಿನ ಪೈಪನ್ನೇ ಉದ್ದಕ್ಕೆ ಎಳೆದರೆ ಪ್ಲೇನರಿನ ಹೆರೆ ಮಧ್ಯದಲ್ಲಿ ಕಟ್ಟಿಕೊಳ್ಳುತ್ತದೆ.

ಈ ಘಟಕದ ಮಾತು ಕುದುರದಿದ್ದರೆ ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿಗಳಲ್ಲಿ ಹೇಳಿಡಿ. ಯಾವ ಘಟಕ ಬಾಗಿಲು ಹಾಕುತ್ತಿದೆ ಎಂಬ ಸುದ್ದಿ ಮೊದಲು ಬರುವುದು ಅಲ್ಲಿಗೆ. ಮಂಡ್ಯದ ಕಡೆ ತೂಬಿನಕೆರೆ, ಬೆಂಗಳೂರಿನಲ್ಲಿ ಪೀಣ್ಯ. ಬೆಂಗಳೂರಿನ ಇಂಡಿಯಾವುಡ್ ಮೇಳ ಮುಗಿಯುವ ದಿನ ಪ್ರದರ್ಶನಕ್ಕೆ ತಂದ ಯಂತ್ರಗಳನ್ನು ಚೌಕಾಸಿಗೆ ಕೇಳಿ ನೋಡಬಹುದು. ಯಂತ್ರ ಸಾಗಿಸುವಾಗ ಟಾಟಾ ಏಸ್ ಸಾಕು, ಆದರೆ ಮೇಜುಗಳಿಗೆ ಹಗ್ಗ ಹಾಕಿ ಎತ್ತಲು ಬಿಡಬೇಡಿ. ಚೈನ್ ಪುಲ್ಲಿಯ ಬೆಲ್ಟು ಬುಡದ ಬೀಡಿಗೇ ಹೋಗಬೇಕು. ಮೇಜು ಹಿಡಿದು ಎತ್ತಿದರೆ, ನೀವು ಫೀಲರ್ ಹಾಕಿ ಪಾಸು ಮಾಡಿದ ಮಟ್ಟ ಮನೆ ಸೇರುವಾಗ ಇರುವುದಿಲ್ಲ.