ಪೊರೆ ಆಪರೇಷನ್ ಗೈಡ್‌ಲೈನ್‌ಗಳಲ್ಲಿ ಅಗ್ರೀ-2 ಅಂಕ ಜಾಸ್ತಿ ಬಂದು ಮೊದಲ ಸ್ಥಾನ ಪಡೆದದ್ದನ್ನೇ ನಮ್ಮ ಆಸ್ಪತ್ರೆಗೆ ಆರಿಸಬಹುದಾ? ನನ್ನ ಥೀಸಿಸ್ ಪ್ರಶ್ನೆ ಇದೇ.

ಬೇಡ. ಅಗ್ರೀ-2 ಅಂದರೆ ಚಿಕಿತ್ಸೆಯ ಗೈಡ್‌ಲೈನ್‌ಗಳ ಗುಣಮಟ್ಟಕ್ಕೆ ಅಂಕ ಹಾಕುವ ಪ್ರಶ್ನೆಪಟ್ಟಿ. ನನ್ನ ಪಿಜಿ ಥೀಸಿಸ್ ವಿಷಯವೂ ಹೆಚ್ಚುಕಡಿಮೆ ನಿಮ್ಮದೇ. ಕಣ್ಣಿನ ಪೊರೆಯ ಗೈಡ್‌ಲೈನ್‌ಗಳನ್ನು ಗುಡ್ಡೆ ಹಾಕಿಕೊಂಡು, ನಾನೂ ನನ್ನ ಸಹಪಾಠಿಯೂ ಬೇರೆ ಬೇರೆ ಕೂತು ಅಂಕ ಹಾಕಿದ್ದೆವು. ಪಟ್ಟಿಯಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಗೈಡ್‌ಲೈನ್ ತರುವ ನೈಸ್ ಸಂಸ್ಥೆ 2017ರಲ್ಲಿ ತಂದ ಎನ್‌ಜಿ77 ಎಂಬ ಪೊರೆ ಗೈಡ್‌ಲೈನ್ ಕೂಡ ಇತ್ತು. ಅಲ್ಲೇ ನಾವು ಎಡವಿದ್ದು.

ನಾವು ಓದಿದ್ದು ಅದರ ಬರೀ ಶಿಫಾರಸುಗಳಿರುವ ಚಿಕ್ಕ ಪಿಡಿಎಫ್. ಅಗ್ರೀ-2ರಲ್ಲಿ ಆರು ಭಾಗ, 23 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಮೂರನೇ ಭಾಗದ ಎಂಟು ಪ್ರಶ್ನೆಗಳು ಗೈಡ್‌ಲೈನ್ ಹೇಗೆ ತಯಾರಾಯಿತು ಅನ್ನುವುದರ ಮೇಲೆ. ಸಂಶೋಧನೆಗಳನ್ನು ಹೇಗೆ ಹುಡುಕಿದರು, ಯಾವುದನ್ನು ಬಿಟ್ಟರು, ಪುರಾವೆ ಎಷ್ಟು ಗಟ್ಟಿ, ಹೊರಗಿನವರು ಪರಿಶೀಲಿಸಿದರಾ, ಹೀಗೆ. ಮಾಹಿತಿ ಸಿಗದಿದ್ದರೆ 1 ಕೊಡಬೇಕು. ನಾವು ಕೊಡುತ್ತಾ ಹೋದೆವು. ಆದರೆ ಆ ಮಾಹಿತಿಯೆಲ್ಲ ಪೂರ್ಣ ಗೈಡ್‌ಲೈನ್ ಮತ್ತು ಅದರ ಅನುಬಂಧಗಳಲ್ಲಿತ್ತು, ಬೇರೆ ಫೈಲುಗಳಾಗಿ! ಅಂಕ ಹಾಕುವ ಮೊದಲು ಜೊತೆಗಿರುವ ದಾಖಲೆಗಳನ್ನೆಲ್ಲ ಓದಿ ಎಂದು ಅಗ್ರೀ ಕೈಪಿಡಿಯಲ್ಲೇ ಇದೆ. ನಾವು ಕೈಪಿಡಿಯನ್ನು ಮೇಲೆ ಮೇಲೆ ನೋಡಿದ್ದೆವು.

ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ಇಬ್ಬರು ಅಂಕ ಹಾಕಿದರೆ ಈ ಭಾಗಕ್ಕೆ ಕನಿಷ್ಠ 16, ಗರಿಷ್ಠ 112. ಒಟ್ಟು 40 ಬಂತು ಅಂದುಕೊಳ್ಳಿ. 40ರಲ್ಲಿ 16 ಕಳೆದು, ಗರಿಷ್ಠಕ್ಕೂ ಕನಿಷ್ಠಕ್ಕೂ ಇರುವ ವ್ಯತ್ಯಾಸ 96ರಿಂದ ಭಾಗಿಸಿದರೆ ಶೇಕಡಾ 25. ಅನುಬಂಧ ಓದಿದ ಮೇಲೆ ಒಟ್ಟು 88 ಆದರೆ ಶೇಕಡಾ 75. ಗೈಡ್‌ಲೈನ್ ಅದೇ, ತೆರೆದ ಫೈಲ್ ಬೇರೆ ಅಷ್ಟೇ. ಪರೀಕ್ಷಕರು ಮೊದಲು ಕೇಳಿದ್ದೇ ಇದನ್ನು. ಎಲ್ಲ ಗೈಡ್‌ಲೈನ್‌ಗಳಿಗೂ ಮತ್ತೆ ಅಂಕ ಹಾಕಬೇಕಾಯಿತು. ಕಳಿಸಲು ತಯಾರಾಗಿದ್ದ ಲೇಖನ ಅಲ್ಲಿಗೇ ನಿಂತಿತು. ನನಗಿಂತ ಸಹಪಾಠಿಗೆ ಜಾಸ್ತಿ ನಷ್ಟವಾಯಿತು, ಅದು ಇವತ್ತಿಗೂ ಬೇಸರ.

ಇನ್ನು ನಿಮ್ಮ "ಮೊದಲ ಸ್ಥಾನ". ಆರು ಭಾಗಗಳ ಅಂಕ ಕೂಡಿಸಿ ಒಂದೇ ಅಂಕ ಮಾಡಬೇಡಿ ಎಂದು ಕೈಪಿಡಿಯೇ ಹೇಳುತ್ತದೆ. ಅಂದಮೇಲೆ ರ‍್ಯಾಂಕ್ ಎಲ್ಲಿಂದ ಬರಬೇಕು? ಅಗ್ರೀ-2 ನೋಡುವುದು ಗೈಡ್‌ಲೈನ್ ತಯಾರಾದ ರೀತಿ, ಅದನ್ನು ಬರೆದಿಟ್ಟ ರೀತಿ. ಸಲಹೆ ನಿಮ್ಮ ರೋಗಿಗೆ ಸರಿಹೊಂದುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಎನ್‌ಜಿ77ನ್ನೇ ತಗೊಳ್ಳಿ. ಸೋಂಕು ತಡೆಯಲು ಆಪರೇಷನ್ ವೇಳೆ ಕಣ್ಣಿನೊಳಗೆ ಸೆಫ್ಯುರಾಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಕೊಡಿ, ಬೆರೆಸುವಾಗ ತಪ್ಪಾಗದಂತೆ ಸಿದ್ಧ ದ್ರಾವಣವನ್ನೇ ಬಳಸಿ ಅನ್ನುತ್ತದೆ. ಒಳ್ಳೆಯ ಸಲಹೆ. ಆದರೆ ನಮ್ಮಲ್ಲಿ ಬಹಳ ಕಡೆ ಬಳಸುವುದು ಮಾಕ್ಸಿಫ್ಲಾಕ್ಸಸಿನ್ ಎಂಬ ಬೇರೆ ಆ್ಯಂಟಿಬಯಾಟಿಕ್. ಅರವಿಂದ್ ಕಣ್ಣಾಸ್ಪತ್ರೆಗಳ ಆರು ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ವರದಿಯಲ್ಲಿ ಅದರಿಂದ ಸೋಂಕು ಇಳಿದದ್ದು ಕಾಣುತ್ತದೆ. ಇನ್ನು ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಫೇಕೋ, ಅಂದರೆ ಅಲ್ಟ್ರಾಸೌಂಡ್‌ನಿಂದ ಪೊರೆ ಒಡೆದು ತೆಗೆಯುವ ಆಪರೇಷನ್. ನಮ್ಮ ಕ್ಯಾಂಪಿಗೆ ಬರುವ ಪೂರ್ತಿ ಬಲಿತ ಬಿಳಿ ಪೊರೆಗೆ ಎಸ್‌ಐಸಿಎಸ್, ಅಂದರೆ ಸಣ್ಣ ಗಾಯ ಮಾಡಿ ಕೈಯಿಂದಲೇ ಪೊರೆ ತೆಗೆಯುವ ಆಪರೇಷನ್ ಮಾಡುತ್ತೇವೆ ಅಲ್ವಾ? ನೇಪಾಳದಲ್ಲಿ 108 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಎರಡೂ ವಿಧಾನಗಳಿಂದ ಒಳ್ಳೆಯ ದೃಷ್ಟಿ ಬಂತು. ಎಸ್‌ಐಸಿಎಸ್ ಬೇಗ ಮುಗಿಯಿತು, ಖರ್ಚೂ ಕಡಿಮೆ. ಅಗ್ರೀ-2 ಅಂಕ ನೋಡಿ ನಿಮ್ಮ ಆಸ್ಪತ್ರೆ ಇದನ್ನೆಲ್ಲ ಹೇಗೆ ತೀರ್ಮಾನಿಸುತ್ತದೆ?

ನನ್ನ ಮಾತು ಕೇಳುವುದಾದರೆ ಥೀಸಿಸ್ ಪ್ರಶ್ನೆಯನ್ನೇ ಬದಲಿಸಿ. ಅಗ್ರೀ-2 ಅಂಕಗಳನ್ನು ಭಾಗವಾರು ಮಾತ್ರ ಕೊಡಿ. ಜೊತೆಗೆ ಅಗ್ರೀ-ರೆಕ್ಸ್ ಬಳಸಿ. ಅದರಲ್ಲಿ ಒಂಬತ್ತೇ ಪ್ರಶ್ನೆ. ಶಿಫಾರಸು ರೋಗಿಗೆ ಹೊಂದುತ್ತದಾ, ಜಾರಿಗೆ ತರಬಹುದಾ ಎಂದು ಕೇಳುವುದು ಅದೇ. ಇಬ್ಬರೇ ಸಾಕು ಅನ್ನಬೇಡಿ, ಕೈಪಿಡಿ ನಾಲ್ವರಿದ್ದರೆ ಒಳ್ಳೆಯದು ಅನ್ನುತ್ತದೆ. ಸಮಯ ಸಾಲದಿದ್ದರೆ ಗೈಡ್‌ಲೈನ್‌ಗಳ ಸಂಖ್ಯೆ ಕಡಿಮೆ ಮಾಡಿ, ಆದರೆ ಆರಿಸಿಕೊಂಡದ್ದರ ಅನುಬಂಧಗಳನ್ನು ಒಂದೂ ಬಿಡದೆ ಡೌನ್‌ಲೋಡ್ ಮಾಡಿ ಓದಿ.